ಕಸದ ಗುಡ್ಡೆಗೆ ಪೈಪು ಇಳಿಸಿದರೆ ವಾರ್ಡಿಗೆಲ್ಲ ಕರೆಂಟು ಬರುತ್ತದಾ?

ಪ್ರಶ್ನೆ: ನಮ್ಮದು ಕಾಸರಗೋಡಿನಿಂದ ಒಳಗೆ ಒಂದು ಹಳ್ಳಿ, ಊರಿನ ಹೆಸರು ಹಾಕಬೇಡಿ. ಮನೆಯಿಂದ ಅರ್ಧ ಕಿಲೋಮೀಟರ್ ಮೇಲೆ ಪದವಿನಲ್ಲಿ (ಗುಡ್ಡದ ಮೇಲಿನ ಕಲ್ಲುನೆಲದ ಬಯಲಿನಲ್ಲಿ) ಹಳೆ ಕಸದ ಗುಡ್ಡೆ ಇದೆ. ಎರಡು ಎಕರೆ ಜಾಗ, ಸುಮಾರು ಎರಡಾಳು ಎತ್ತರ. ಹದಿನೈದು ವರ್ಷ ಸುರಿದರು, ಐದು ವರ್ಷದಿಂದ ನಿಲ್ಲಿಸಿದ್ದಾರೆ. ಮಾರ್ಚ್ ಬಂತೆಂದರೆ ತನ್ನಷ್ಟಕ್ಕೇ ಹೊಗೆ ಏಳುತ್ತದೆ. ಮೊನ್ನೆ ಗ್ರಾಮಸಭೆಯಲ್ಲಿ ಒಬ್ಬರು, ಇದಕ್ಕೆ ಪೈಪು ಇಳಿಸಿದರೆ ಮೀಥೇನ್ ಅನ್ನುವ ಉರಿಯುವ ಗ್ಯಾಸ್ ಸಿಗುತ್ತದೆ, ಇಡೀ ವಾರ್ಡಿಗೆ ಪುಕ್ಕಟೆ ಕರೆಂಟು ಕೊಡಬಹುದು ಎಂದರು. ನಿಜವಾ? ಇನ್ನೊಂದು, ನಮ್ಮ ದನದ ಹಟ್ಟಿಯ ಹಿಂದೆ ಅಜ್ಜ ಮಾಡಿಸಿದ ಗೋಬರ್ ಗ್ಯಾಸ್ ಗುಂಡಿ ಪಾಳು ಬಿದ್ದಿದೆ. ಈಗ ದನ ಒಂದೇ. ಅಡುಗೆಮನೆಯ ಕಸ ಹಾಕಿ ಅದನ್ನು ಮತ್ತೆ ಶುರು ಮಾಡಬಹುದಾ?

ಉತ್ತರ: ಎರಡನೇ ಪ್ರಶ್ನೆಯನ್ನು ನೀವು 'ಇನ್ನೊಂದು' ಅಂತ ಕೊನೆಗೆ ಸಿಕ್ಕಿಸಿದ್ದೀರಿ. ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಪ್ರಶ್ನೆ. ಆದರೂ ಗುಡ್ಡೆಯಿಂದಲೇ ಶುರು ಮಾಡುತ್ತೇನೆ. ಮುಂದಿನ ಗ್ರಾಮಸಭೆಯಲ್ಲೂ ಆ ಮಾತು ಬಂದೇ ಬರುತ್ತದೆ, ಆಗ ನಿಮ್ಮ ಕೈಯಲ್ಲಿ ಲೆಕ್ಕ ಇರಬೇಕು.

ಸಭೆಯಲ್ಲಿ ಮಾತಾಡಿದವರು ಸುಳ್ಳು ಹೇಳಿಲ್ಲ. ಕಸದ ಗುಡ್ಡೆಯೊಳಗೆ ಮೀಥೇನ್ ಹುಟ್ಟುವುದು ನಿಜ. ಹಸಿ ಕಸ ಹೂತುಹೋಗಿ ಗಾಳಿ ಸಿಗದಿದ್ದಾಗ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಕೆಲಸಕ್ಕೆ ಇಳಿಯುತ್ತವೆ. ಒಂದು ಗುಂಪು ಅನ್ನ, ತರಕಾರಿಯನ್ನೆಲ್ಲ ಹುಳಿ ಮಾಡುತ್ತದೆ. ಆ ಹುಳಿಯನ್ನು ಇನ್ನೊಂದು ಗುಂಪು ತಿಂದು ಗ್ಯಾಸ್ ಬಿಡುತ್ತದೆ. ಬರುವ ಗ್ಯಾಸಿನಲ್ಲಿ ಹೆಚ್ಚುಕಮ್ಮಿ ಅರ್ಧ ಮೀಥೇನ್, ಉಳಿದದ್ದು ಇಂಗಾಲದ ಡೈಆಕ್ಸೈಡ್, ಜೊತೆಗೆ ಚೂರು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಅಂತೀವಲ್ಲ, ಅದು ಇದೇ. ನಿಮ್ಮ ಅಜ್ಜನ ಗುಂಡಿಯಲ್ಲಿ ನಡೆಯುತ್ತಿದ್ದದ್ದೂ ಇದೇ ಕೆಲಸ. ಗುಂಡಿಗೆ ಮುಚ್ಚಳ ಇತ್ತು, ಗುಡ್ಡೆಗೆ ಇಲ್ಲ. ಅಷ್ಟೇ ವ್ಯತ್ಯಾಸ, ಆದರೆ ಎಲ್ಲ ಕಥೆಯೂ ಆ ಮುಚ್ಚಳದಲ್ಲೇ ಇದೆ.

ಈಗ ನೀವು ಕೊಟ್ಟ ಅಳತೆಗೇ ಲೆಕ್ಕ ಹಾಕೋಣ. ಎರಡು ಎಕರೆ ಅಂದರೆ 8000 ಚದರ ಮೀಟರ್. ಸರಾಸರಿ ಎತ್ತರ 3 ಮೀಟರ್ ಹಿಡಿದರೆ 24,000 ಘನ ಮೀಟರ್, ತೂಕದಲ್ಲಿ ಸುಮಾರು 20,000 ಟನ್. ಟನ್ನಿಗೆ 60 ಘನ ಮೀಟರ್ ಮೀಥೇನ್ ಅಂತ ಇಟ್ಟುಕೊಳ್ಳಿ. ಆದರೆ 5 ಮೀಟರ್ ಆಳವೂ ಇಲ್ಲದ, ಸುಮ್ನೆ ತಂದು ಸುರಿದ ಗುಡ್ಡೆಯೊಳಗೆ ಗಾಳಿ ಆಡುತ್ತಿರುತ್ತದೆ, ಅಲ್ಲಿ ಮೀಥೇನ್ ಪೂರ್ತಿ ಹುಟ್ಟುವುದಿಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಇಂಥ ಗುಡ್ಡೆಗಳ ಲೆಕ್ಕವನ್ನು 0.4ರಿಂದ ಗುಣಿಸಿ ಅನ್ನುತ್ತದೆ. ಅಲ್ಲಿಗೆ ಟನ್ನಿಗೆ 24 ಘನ ಮೀಟರ್ ಉಳಿಯಿತು. ಇಡೀ ಗುಡ್ಡೆ ತನ್ನ ಆಯುಷ್ಯದುದ್ದಕ್ಕೂ ಕೊಡುವುದು 4.8 ಲಕ್ಷ ಘನ ಮೀಟರ್.

ಕೇಳಲು ಜಾಸ್ತಿಯೇ ಅಲ್ವಾ? ಆದರೆ ಅದರ ಬಹುಪಾಲು ಈಗಾಗಲೇ ಹಾರಿಹೋಗಿದೆ. ಅದೇ ಐಪಿಸಿಸಿ ಲೆಕ್ಕದ ಪ್ರಕಾರ ಬಿಸಿಲೂ ಮಳೆಯೂ ಜೋರಾಗಿರುವ ನಮ್ಮಂಥ ಸೀಮೆಯಲ್ಲಿ ಬೆರಕೆ ಕಸದ ಅರ್ಧ ಶಕ್ತಿ ನಾಲ್ಕೇ ವರ್ಷದಲ್ಲಿ ಮುಗಿಯುತ್ತದೆ. ಬರೀ ಆಹಾರದ ಕಸ ಆದರೆ ಎರಡು ವರ್ಷವೂ ಬೇಡ. ಯುರೋಪಿನ ಚಳಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ನಿಧಾನಕ್ಕೆ ಉಸಿರಾಡುವ ಗುಡ್ಡೆ ನಮ್ಮಲ್ಲಿ ಬೇಗ ಬೇಗ ಉಸಿರು ಬಿಟ್ಟು ಮಲಗಿಬಿಡುತ್ತದೆ. ನಿಮ್ಮ ಗುಡ್ಡೆಯಲ್ಲಿರುವುದು ಐದರಿಂದ ಇಪ್ಪತ್ತು ವರ್ಷ ಹಳೆಯ ಕಸ. ಲೆಕ್ಕ ಹಾಕಿದರೆ ಶೇ. 15ರಷ್ಟು ಶಕ್ತಿ ಉಳಿದಿರಬಹುದು. ಅಂದರೆ ದಿನಕ್ಕೆ ಹುಟ್ಟುವ ಮೀಥೇನ್ 35 ಘನ ಮೀಟರ್ ಆಸುಪಾಸು. ಮುಚ್ಚಳ ಇಲ್ಲದ ಗುಡ್ಡೆಯಿಂದ ಅದರಲ್ಲಿ ಅರ್ಧ ಹಿಡಿದರೆ ದೊಡ್ಡದು. ಆ 17 ಘನ ಮೀಟರನ್ನು ಇಂಜಿನ್ನಿಗೆ ಕೊಟ್ಟರೆ ದಿನಕ್ಕೆ 50 ಯೂನಿಟ್ ಕರೆಂಟು ಬರುತ್ತದೆ. ಏಳೆಂಟು ಮನೆಗೆ ಆದೀತು. ಅದರಲ್ಲೂ ಗ್ಯಾಸ್ ಎಳೆಯುವ ಬ್ಲೋವರೇ ಒಂದಷ್ಟು ತಿನ್ನುತ್ತದೆ. ಅಡುಗೆ ಗ್ಯಾಸಿನ ಲೆಕ್ಕಕ್ಕೆ ತಂದರೆ ದಿನಕ್ಕೆ ಒಂದು ಸಿಲಿಂಡರಿಗೂ ಸ್ವಲ್ಪ ಕಮ್ಮಿ. ಅದೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತದೆ.

ಇದು ಕಾಗದದ ಮೇಲಿನ ಲೆಕ್ಕ. ಗುಡ್ಡೆಯಲ್ಲಿ ಮಣ್ಣೆಷ್ಟು, ಪ್ಲಾಸ್ಟಿಕ್ಕೆಷ್ಟು ಅನ್ನುವುದರ ಮೇಲೆ ಹೆಚ್ಚುಕಮ್ಮಿ ಆಗುತ್ತದೆ. ಎರಡು ಪಟ್ಟು ಜಾಸ್ತಿ ಬಂದರೂ ವಾರ್ಡಿಗೆ ಕರೆಂಟು ಸಿಗುವುದಿಲ್ಲ.

ಹಾಗಾದರೆ ಗುಡ್ಡೆಯಿಂದ ಕರೆಂಟು ತೆಗೆಯುವವರು ಯಾರು? ಅಮೆರಿಕದ ಲಾಸ್ ಏಂಜಲೀಸ್ ಹತ್ತಿರ ಪುಯೆಂಟೆ ಹಿಲ್ಸ್ ಅಂತ ಒಂದು ಗುಡ್ಡೆ ಇದೆ, 2013ರಲ್ಲಿ ಮುಚ್ಚಿದರು. ಅಲ್ಲಿಗೆ ದಿನಕ್ಕೆ ಹತ್ತು ಸಾವಿರ ಟನ್ನಿಗೂ ಮೇಲೆ ಕಸ ಬರುತ್ತಿದ್ದ ಕಾಲವಿತ್ತು. ಅದರ ಗ್ಯಾಸಿನಿಂದ 50 ಮೆಗಾವಾಟ್ ಆಸುಪಾಸು ಕರೆಂಟು ತೆಗೆದಿದ್ದಾರೆ. 1 ಮೆಗಾವಾಟಿಗೇ ಗಂಟೆಗೆ 550ರಿಂದ 600 ಘನ ಮೀಟರ್ ಗ್ಯಾಸ್ ಬೇಕು. ಅಂಥ ಗುಡ್ಡೆಗಳನ್ನು ಮೊದಲ ದಿನದಿಂದಲೇ ಅದಕ್ಕೆಂದೇ ಕಟ್ಟುತ್ತಾರೆ. ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಮಣ್ಣಿನ ಹೊದಿಕೆ, ನಡುವೆ ತೂತು ಕೊರೆದ ಪೈಪು, ಪೈಪಿನ ಸುತ್ತ ಜಲ್ಲಿ. ಪೈಪುಗಳೆಲ್ಲ ಒಂದು ದೊಡ್ಡ ಪೈಪಿಗೆ ಬಂದು ಸೇರುತ್ತವೆ, ಬ್ಲೋವರ್ ಮೆಲ್ಲನೆ ಎಳೆಯುತ್ತದೆ. ಈ 'ಮೆಲ್ಲನೆ' ಅನ್ನುವುದು ಮುಖ್ಯ. ಆಸೆಯಿಂದ ಜೋರಾಗಿ ಎಳೆದರೆ ಹೊರಗಿನ ಗಾಳಿ ಗುಡ್ಡೆಯೊಳಗೆ ನುಗ್ಗುತ್ತದೆ. ಮೀಥೇನ್ ಮಾಡುವ ಬ್ಯಾಕ್ಟೀರಿಯಾ ಸಾಯುತ್ತವೆ, ಒಳಗೆ ಬೆಂಕಿಯೂ ಹತ್ತಬಹುದು. ಇಷ್ಟಾದ ಮೇಲೂ ಇಂಜಿನ್ನಿಗೆ ಅದರದ್ದೇ ಗೋಳು. ಹೈಡ್ರೋಜನ್ ಸಲ್ಫೈಡ್ ಲೋಹ ತಿನ್ನುತ್ತದೆ. ನಾವು ಹಚ್ಚುವ ಶಾಂಪೂ, ಕ್ರೀಮುಗಳಲ್ಲಿ ಸಿಲಿಕಾನಿನ ಅಂಶ ಇರುತ್ತದಲ್ಲ, ಅದು ಗ್ಯಾಸಿನ ಜೊತೆ ಬಂದು ಇಂಜಿನ್ನಿನೊಳಗೆ ಮರಳಿನ ಪುಡಿಯಾಗಿ ಕೂರುತ್ತದೆ. ತಲೆಗೆ ಹಾಕಿದ ಶಾಂಪೂ ಕೊನೆಗೆ ಪಿಸ್ಟನ್ ಸವೆಸುತ್ತದೆ ಅಂದರೆ ಯಾರೂ ನಂಬುವುದಿಲ್ಲ, ಆದರೆ ನಿಜ.

ನಮ್ಮ ಕಡೆಯ ಮಳೆಯ ವಿಷಯ ಬೇರೆ ಇದೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಸುರಿಯುವಲ್ಲಿ ಗುಡ್ಡೆಗೆ ಪೈಪು ಇಳಿಸಿದರೆ ಜೂನ್ ಹೊತ್ತಿಗೆ ಪೈಪಿನಲ್ಲಿ ಗ್ಯಾಸ್ ಬದಲು ಕೊಳಕು ನೀರು ನಿಂತಿರುತ್ತದೆ. ನೆನೆದ ಗುಡ್ಡೆ ಎಷ್ಟು ಅಪಾಯ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂತು. ಅಡಿಕೆ ತೋಟ ಕಸದಡಿ ಹೂತುಹೋದದ್ದನ್ನು ನೀವೂ ಪೇಪರಿನಲ್ಲಿ ನೋಡಿರುತ್ತೀರಿ.

ಈಗ ನೀವು ಕೇಳದೇ ಇದ್ದ ಒಂದು ವಿಷಯ. ನನಗೆ ಕರೆಂಟಿಗಿಂತ ಇದೇ ದೊಡ್ಡ ಚಿಂತೆ. ಗುಡ್ಡೆ ಇರುವುದು ಪದವಿನಲ್ಲಿ, ಅಡಿಯಲ್ಲಿ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಮುರಕಲ್ಲಿನೊಳಗೆ ತೂತು, ಬಿರುಕು, ಟೊಳ್ಳು ಎಲ್ಲ ಇರುತ್ತದೆ. ಕೊಳಕು ನೀರು ಹೋಗುವ ದಾರಿಯಲ್ಲೇ ಗ್ಯಾಸೂ ಹೋಗಬಹುದು. ಇಂಗ್ಲೆಂಡಿನ ಲೋಸ್ಕೋ ಅನ್ನುವ ಊರಿನಲ್ಲಿ 1986ರ ಮಾರ್ಚಿನಲ್ಲಿ ಒಂದು ಮನೆ ಸಿಡಿದು ನೆಲಸಮ ಆಯಿತು. ಹತ್ತಿರದ ಹಳೆ ಕಸದ ಗುಂಡಿಯ ಗ್ಯಾಸ್ ನೆಲದೊಳಗಿಂದಲೇ ಹರಿದು ಮನೆ ಸೇರಿತ್ತು. ಆ ದಿನ ವಾತಾವರಣದ ಒತ್ತಡ ಒಮ್ಮೆಲೇ ಇಳಿದದ್ದೇ ಗ್ಯಾಸನ್ನು ಹೊರಗೆ ತಂದದ್ದು. ಮಳೆಗಾಲದ ಮೊದಲು ನಮ್ಮಲ್ಲೂ ಒತ್ತಡ ಇಳಿಯುತ್ತದೆ.

ನಿಮ್ಮ ಸುತ್ತಮುತ್ತ ಸುರಂಗಗಳಿವೆಯಾ, ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದಂಥವು? ಕಾಸರಗೋಡಿನ ಒಳಭಾಗ ಅಂದಮೇಲೆ ಇರಲೇಬೇಕು. ನಮ್ಮಲ್ಲಿ ಸುರಂಗಕ್ಕೆ ಇಳಿಯುವವರು ಮೇಣದ ಬತ್ತಿ ಹಿಡಿದು ಹೋಗುತ್ತಾರೆ. ಬತ್ತಿ ಆರಿದರೆ ಒಳಗೆ ಗಾಳಿ ಇಲ್ಲ ಅಂತ ಅರ್ಥ, ಹಿಂದೆ ಬರುತ್ತಾರೆ. ತಲೆಮಾರಿನಿಂದ ಬಂದ ಒಳ್ಳೆಯ ಕ್ರಮ ಅದು. ಆದರೆ ಕಸದ ಗುಡ್ಡೆಯ ಕೆಳಗಿನ ಸುರಂಗಕ್ಕೆ ಇದೇ ಕ್ರಮ ಯಮನ ಬಾಗಿಲು. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರವರೆಗೆ ಇದ್ದರೆ ಬತ್ತಿ ಆರುವುದಿಲ್ಲ, ಸುರಂಗವೇ ಸಿಡಿಯುತ್ತದೆ. ಗುಡ್ಡೆಯ ತಗ್ಗಿನ ಕಡೆಗೆ ಸುರಂಗವೋ ಬಾವಿಯೋ ಇದ್ದರೆ ಬೆಂಕಿ ಹಿಡಿದು ಯಾರೂ ಇಳಿಯಬಾರದು. ಕೈಯಲ್ಲಿ ಹಿಡಿಯುವ ಗ್ಯಾಸ್ ಮೀಟರ್ ತಂದು ಪರೀಕ್ಷೆ ಮಾಡಿಸಿ. ಹಾಗೇ ನೀರನ್ನೂ ಲ್ಯಾಬಿಗೆ ಕೊಡಿ. ಪಂಚಾಯತಿಗೆ ಕೊಡುವ ಅರ್ಜಿಯಲ್ಲಿ ಕರೆಂಟಿನ ಮಾತಿಗಿಂತ ಮೊದಲು ಇದನ್ನು ಬರೆಯಿರಿ.

ಮಾರ್ಚಿನ ಹೊಗೆಯ ಬಗ್ಗೆ ಹೇಳುವುದಾದರೆ ಅದು ಒಳಗೇ ಕುದಿಯುವ ಬೆಂಕಿ. ಮೇಲೆ ಎರಡು ಟ್ಯಾಂಕರ್ ನೀರು ಹೊಯ್ದರೆ ಹೊಗೆ ಒಂದು ದಿನ ನಿಲ್ಲುತ್ತದೆ, ಮರುದಿನ ಇನ್ನೊಂದು ಕಡೆ ಎದ್ದೇಳುತ್ತದೆ. ಕೊಚ್ಚಿಯ ಬ್ರಹ್ಮಪುರಂನಲ್ಲಿ 2023ರ ಮಾರ್ಚ್ 2ಕ್ಕೆ ಹತ್ತಿದ ಬೆಂಕಿಯನ್ನು ಆರಿಸಲು ಹನ್ನೆರಡು ದಿನ ಹಿಡಿಯಿತು. ಜೆಸಿಬಿಯಲ್ಲಿ ರಾಶಿ ಅಗೆದು ತಿರುವಿ ಒಳಗೆ ನೀರು ಹೊಡೆಯಬೇಕಾಯಿತು.

ಹಾಗಾದರೆ ಗುಡ್ಡೆಗೆ ಏನು ಮಾಡುವುದು? ಕರೆಂಟಿನ ಆಸೆ ಬಿಟ್ಟರೆ ದಾರಿ ಸರಳ. ಹಣ ಬಂದರೆ ಬಯೋಮೈನಿಂಗ್ ಮಾಡಿಸಬೇಕು. ರಾಶಿ ಸಡಿಲಿಸಿ, ಗಾಳಿಗೆ ಬಿಟ್ಟು, ತಿರುಗುವ ದೊಡ್ಡ ಜರಡಿಯಲ್ಲಿ ಹಾಕಿ ಮಣ್ಣು ಬೇರೆ, ಪ್ಲಾಸ್ಟಿಕ್ ಬೇರೆ ಮಾಡುವುದು. ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ, ಜಾಗ ಖಾಲಿ ಆಗುತ್ತದೆ. ಕೇರಳದ ಹಲವು ಕಡೆ ಈ ಕೆಲಸ ನಡೆಯುತ್ತಿದೆ. ಅದಕ್ಕೆ ಕಾಯಬೇಕು ಅಂತಾದರೆ, ಅಲ್ಲಿಯವರೆಗೆ ಮೇಲೆ ಮಣ್ಣು ಹಾಕಿ ಇಳಿಜಾರು ಮಾಡಿ ಮಳೆನೀರು ಹೊರಗೆ ಹೋಗುವಂತೆ ಚರಂಡಿ ತೋಡಬೇಕು. ಮಣ್ಣಿನ ಮೇಲೆ ಚೆನ್ನಾಗಿ ಕಳಿತ ಕಾಂಪೋಸ್ಟ್ ದಪ್ಪಗೆ ಹರಡಿದರೆ ಇನ್ನೂ ಒಳ್ಳೆಯದು. ಅದರಲ್ಲಿ ಮೀಥೇನನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಇರುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದು ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಆಸುಪಾಸು ಜಾಸ್ತಿ. ಕರೆಂಟು ಬಾರದಿದ್ದರೂ ಅದನ್ನು ತಡೆದದ್ದೇ ಲಾಭ.

ಇನ್ನು ನಿಜವಾದ ಗ್ಯಾಸ್ ಎಲ್ಲಿದೆ ಅಂದರೆ, ಇವತ್ತು ಬೆಳಿಗ್ಗೆ ಪೇಟೆಯ ಹೋಟೆಲಿನ ಹಿಂದೆ ಬಕೆಟ್ಟಿನಲ್ಲಿದೆ. ಮೀನು ಮಾರ್ಕೆಟ್ಟಿನಲ್ಲಿ, ಆಡಿಟೋರಿಯಂನಲ್ಲಿ, ಬ್ರಹ್ಮಕಲಶೋತ್ಸವದ ಊಟದ ಚಪ್ಪರದ ಹಿಂದೆ ಇದೆ. ಬೇರ್ಪಡಿಸಿದ ಒಳ್ಳೆಯ ಹಸಿ ಕಸ ಒಂದು ಟನ್ ಕೊಟ್ಟರೆ ಮುಚ್ಚಿದ ಟ್ಯಾಂಕಿನಲ್ಲಿ 100 ಘನ ಮೀಟರ್ ಬಯೋಗ್ಯಾಸ್ ಬರುತ್ತದೆ. ದಿನಕ್ಕೆ 5 ಟನ್ ಸಿಕ್ಕಿದರೆ 500 ಘನ ಮೀಟರ್. ಅದು 15 ಸಿಲಿಂಡರಿಗೆ ಸಮ. ನಿಮ್ಮ ಇಪ್ಪತ್ತು ಸಾವಿರ ಟನ್ನಿನ ಗುಡ್ಡೆ ದಿನಕ್ಕೆ ಒಂದು ಸಿಲಿಂಡರ್ ಕೊಡಲು ಏದುಸಿರು ಬಿಡುತ್ತದೆ, ಐದು ಟನ್ ತಾಜಾ ಕಸ ಹದಿನೈದು ಕೊಡುತ್ತದೆ. ಗ್ರಾಮಸಭೆಯಲ್ಲಿ ಇದೊಂದು ಮಾತು ಹೇಳಿ ಸಾಕು.

ಇಂದೋರಿನಲ್ಲಿ 2022ರ ಫೆಬ್ರವರಿಯಲ್ಲಿ ಶುರುವಾದ ಸ್ಥಾವರಕ್ಕೆ ದಿನಕ್ಕೆ 550 ಟನ್ ಹಸಿ ಕಸದ ಸಾಮರ್ಥ್ಯ ಇದೆ. 17,000 ಕಿಲೋ ಬಯೋ ಸಿಎನ್‌ಜಿ, ಅಂದರೆ ಶುದ್ಧ ಮಾಡಿ ಒತ್ತಿ ತುಂಬಿದ ಬಯೋಗ್ಯಾಸ್, ಮಾಡಿ ಬಸ್ಸು ಓಡಿಸುವ ಲೆಕ್ಕ ಅದು. ಬೆಂಕಿ ಬಿದ್ದ ಅದೇ ಬ್ರಹ್ಮಪುರಂನಲ್ಲೂ ಪೆಟ್ರೋಲ್ ಕಂಪೆನಿ ಬಿಪಿಸಿಎಲ್‌ನವರು ದಿನಕ್ಕೆ 150 ಟನ್ನಿನ ಸ್ಥಾವರ ಕಟ್ಟಿದ್ದಾರೆ. ಗಮನಿಸಿ, ಅದು ಹಳೆ ರಾಶಿಯ ಗ್ಯಾಸ್ ಹಿಡಿಯುವುದಲ್ಲ, ಆಯಾ ದಿನದ ಹಸಿ ಕಸ ತಿನ್ನುವುದು. ಅಷ್ಟು ದೊಡ್ಡದು ನಮ್ಮ ಪಂಚಾಯತಿಗಳಿಗೆ ಬೇಡ. ಗ್ಯಾಸಿನಿಂದ ಕರೆಂಟು ಮಾಡುವುದೂ ಬೇಡ, ಮೂರರಲ್ಲಿ ಎರಡು ಪಾಲು ಶಕ್ತಿ ಬಿಸಿಯಾಗಿ ಹೋಗುತ್ತದೆ. ಹತ್ತಿರದಲ್ಲೇ ಅನ್ನ ಬೇಯಿಸುವ ಜಾಗ ಇದ್ದರೆ, ಹೋಟೆಲ್ಲೋ ಹಾಸ್ಟೆಲ್ಲೋ ದೇವಸ್ಥಾನದ ಅಡುಗೆಕೋಣೆಯೋ, ನೇರ ಒಲೆಗೆ ಕೊಡುವುದೇ ಲಾಭ.

ಇಂಥ ಸ್ಥಾವರ ಹೆಚ್ಚಾಗಿ ಕೆಡುವುದು ಕಸದ ಬೆರಕೆಯಿಂದ. ಲಕ್ನೋದಲ್ಲಿ 2003ರ ಹೊತ್ತಿಗೆ 5 ಮೆಗಾವಾಟಿನ ದೊಡ್ಡ ಸ್ಥಾವರ ಕಟ್ಟಿದರು. ಬೇರ್ಪಡಿಸದ ಕಸ ಬಂತು, ಸ್ಥಾವರ ಮುಚ್ಚಿತು. ಕೇರಳದಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರಲ್ಲ, ತಿಂಗಳಿಗೆ ಐವತ್ತು ರೂಪಾಯಿ ಯಾಕೆ ಕೊಡಬೇಕು ಅಂತ ನಾವು ಗೊಣಗುತ್ತೇವಲ್ಲ, ಅವರು ಮಾಡುವ ಕೆಲಸ ಇಲ್ಲದಿದ್ದರೆ ಬಯೋಗ್ಯಾಸಿನ ಮಾತೇ ಎತ್ತುವ ಹಾಗಿಲ್ಲ.

ಈಗ ನಿಮ್ಮ ಅಜ್ಜನ ಗುಂಡಿ. ಕೇಂದ್ರದ ಬಯೋಗ್ಯಾಸ್ ಯೋಜನೆ ಬಂದದ್ದು 1981-82ರಲ್ಲಿ. ನಮ್ಮ ಕಡೆ ಕಾಣುವ ಹಳೆ ಗುಂಡಿಗಳಲ್ಲಿ ಆ ಕಾಲದವು ತುಂಬಾ ಇವೆ, ಮೇಲೆ ಕಬ್ಬಿಣದ ಡ್ರಮ್ಮು ತೇಲುವಂಥವು. ಕಟ್ಟೆ ಗಟ್ಟಿ ಇರುತ್ತದೆ, ಡ್ರಮ್ಮು ತುಕ್ಕು ಹಿಡಿದಿರುತ್ತದೆ. ಈಗ ಫೈಬರ್ ಡ್ರಮ್ಮು ಸಿಗುತ್ತದೆ, ಅದನ್ನೇ ಹಾಕಿ.

ಎಷ್ಟು ಸಿಗುತ್ತದೆ? ಒಂದು ಕಿಲೋ ಸಗಣಿಗೆ 40 ಲೀಟರ್ ಗ್ಯಾಸ್. ಅಜ್ಜನ ಕಾಲದಲ್ಲಿ ಹಟ್ಟಿ ತುಂಬ ದನ ಇತ್ತು, ದಿನಕ್ಕೆ 50 ಕಿಲೋ ಸಗಣಿ ಬೀಳುತ್ತಿತ್ತು. ಈಗ ಒಂದು ದನಕ್ಕೆ ಹತ್ತು ಕಿಲೋ ಹಿಡಿಯಿರಿ. ಕಾಸರಗೋಡು ಗಿಡ್ಡ ತಳಿಯ ದನ ಆದರೆ ಇನ್ನೂ ಕಮ್ಮಿ, ಅದರ ಸಗಣಿಯೂ ಅದರಷ್ಟೇ ಚಂದ ಸಣ್ಣದು. ಹತ್ತು ಕಿಲೋಗೆ 400 ಲೀಟರ್ ಆಯಿತು. ಅಡುಗೆಮನೆಯ ಕಸ ಕಿಲೋಗೆ 100 ಲೀಟರ್ ಕೊಡುತ್ತದೆ, ಸಗಣಿಯ ಎರಡೂವರೆ ಪಟ್ಟು. ಆಶ್ಚರ್ಯ ಏನಿಲ್ಲ, ಸಗಣಿ ಅಂದರೆ ದನ ಒಮ್ಮೆ ಸಾರ ಹೀರಿ ಬಿಟ್ಟದ್ದು. ಮೂರು ಕಿಲೋ ಕಸ ಸೇರಿದರೆ ಒಟ್ಟು 700 ಲೀಟರ್. ಒಂದು ಒಲೆ ಒಂದೂವರೆ ಗಂಟೆ ಉರಿಯುತ್ತದೆ. ತಿಂಗಳಿಗೆ ಸಿಲಿಂಡರಿನ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಮೇಲಿಂದ ತೋಟಕ್ಕೆ ಸ್ಲರಿ, ಅಂದರೆ ಗ್ಯಾಸ್ ಕೊಟ್ಟು ಉಳಿದ ರಾಡಿ.

ಏನು ಹಾಕಬಹುದು: ಅನ್ನ, ಸಾಂಬಾರು, ಗಂಜಿ ತಿಳಿ, ದನ ಕುಡಿಯದೆ ಬಿಟ್ಟ ಅಕ್ಕಚ್ಚು (ಅಕ್ಕಿ ತೊಳೆದ ನೀರು), ಬಾಳೆಹಣ್ಣಿನ ಸಿಪ್ಪೆ, ಮೀನು ತೊಳೆದ ನೀರು. ಹಲಸಿನ ರೆಚ್ಚೆಯನ್ನು (ತೊಳೆ ಬಿಡಿಸಿ ಉಳಿದದ್ದನ್ನು) ಸಣ್ಣಕೆ ಕೊಚ್ಚಿ ಹಾಕಿ. ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಸೋಗೆ, ಅಡಿಕೆ ಹಾಳೆ ಇವು ಬೇಡವೇ ಬೇಡ. ಅವುಗಳ ನಾರನ್ನು ಈ ಬ್ಯಾಕ್ಟೀರಿಯಾ ಮುಟ್ಟುವುದಿಲ್ಲ, ಮೇಲೆ ತೇಲಿ ಹೊದಿಕೆಯಂತೆ ಕೂರುತ್ತದೆ. ಫಿನಾಯಿಲ್, ಸೋಪಿನ ನೀರು ಹೋದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಏಪ್ರಿಲಿನಲ್ಲಿ ಮರದಡಿ ಕೊಳೆಯುವ ಗೇರುಹಣ್ಣಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಾಕಬಹುದು, ಸಕ್ಕರೆ ಅಂಶ ಇರುವುದರಿಂದ ಗ್ಯಾಸ್ ಚೆನ್ನಾಗಿ ಬರುತ್ತದೆ, ಆದರೆ ಬುಟ್ಟಿಗಟ್ಟಲೆ ಒಮ್ಮೆಲೇ ಸುರಿದರೆ ಗುಂಡಿ ಹುಳಿಯಾಗುತ್ತದೆ.

ಹುಳಿಯಾಗುವುದು ಅಂದರೇನು ಅಂತ ನನಗೆ ಒಂದು ಆಡಿಟೋರಿಯಂನವರು ಕಲಿಸಿದರು. ನಾನೇ ನಿಂತು ಮಾಡಿಸಿದ ಟ್ಯಾಂಕು ಅದು. ದೊಡ್ಡ ಮದುವೆ ಮರುದಿನ ಉಳಿದ ಅನ್ನ, ಪಾಯಸ ಎಲ್ಲವನ್ನೂ ಒಟ್ಟಿಗೆ ಸುರಿದುಬಿಟ್ಟರು. ಮೂರು ದಿನಕ್ಕೆ ಒಲೆ ಹತ್ತುವುದು ನಿಂತಿತು, ನಾಲ್ಕನೇ ದಿನ ನೆರೆಮನೆಯವರು ಜಗಳಕ್ಕೆ ಬಂದರು. ಹುಳಿ ಮಾಡುವ ಬ್ಯಾಕ್ಟೀರಿಯಾಕ್ಕೆ ಹಬ್ಬ, ಹುಳಿ ತಿನ್ನುವ ಬ್ಯಾಕ್ಟೀರಿಯಾಕ್ಕೆ ಅಷ್ಟು ಬೇಗ ತಿಂದು ಮುಗಿಸಲು ಆಗುವುದಿಲ್ಲ. ಕೊನೆಗೆ ಹತ್ತು ದಿನ ಏನೂ ಹಾಕದೆ ಉಪವಾಸ ಕೆಡವಿ, ಸ್ವಲ್ಪ ಸುಣ್ಣದ ನೀರು, ಬಕೆಟ್ಟುಗಟ್ಟಲೆ ಹೊಸ ಸಗಣಿ ಕೊಟ್ಟ ಮೇಲೆ ದಾರಿಗೆ ಬಂತು. ತಪ್ಪು ನನ್ನದೂ ಇತ್ತು, ಮದುವೆ ದಿನ ಎಷ್ಟು ಹಾಕಬೇಕು ಅಂತ ಗೋಡೆಯ ಮೇಲೆ ಬರೆದಿಟ್ಟಿರಲಿಲ್ಲ.

ಶುರು ಮಾಡುವಾಗ ಮೊದಲ ಕೆಲಸ ಗುಂಡಿ ಖಾಲಿ ಮಾಡುವುದು. ಇಲ್ಲಿ ಕೈಮುಗಿದು ಕೇಳುತ್ತೇನೆ, ಒಳಗೆ ಯಾರೂ ಇಳಿಯಬೇಡಿ, ಕೆಲಸದವರನ್ನೂ ಇಳಿಸಬೇಡಿ. ವರ್ಷಗಟ್ಟಲೆ ಪಾಳು ಬಿದ್ದ ಗುಂಡಿಯ ತಳವನ್ನು ಕೆದಕಿದರೂ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಅದು ಜಾಸ್ತಿ ಇದ್ದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಒಬ್ಬ ಬಿದ್ದ ಅಂತ ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಹೀಗೇ ಒಂದೇ ಮನೆಯ ಇಬ್ಬರು ಮೂವರು ಹೋದದ್ದಿದೆ. ಮೇಲಿಂದಲೇ ಸ್ಲರಿ ಪಂಪು ಹಾಕಿ ಎತ್ತಿಸಿ.

ಆಮೇಲೆ ಸಗಣಿ, ನೀರು ಸಮಸಮ ಕಲಸಿ ತುಂಬಿಸಿ. ಹತ್ತಿರ ಯಾರ ಮನೆಯಲ್ಲಾದರೂ ಗೋಬರ್ ಗ್ಯಾಸ್ ನಡೆಯುತ್ತಿದ್ದರೆ ಅಲ್ಲಿಂದ ನಾಲ್ಕು ಕೊಡ ಸ್ಲರಿ ತಂದು ಹಾಕಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೆ ಡ್ರಮ್ಮು ಏಳುತ್ತದೆ. ಮಳೆಗಾಲದಲ್ಲಿ ಶುರು ಮಾಡಬೇಡಿ, ಸುಮ್ನೆ ಕಾಯಬೇಕಾಗುತ್ತದೆ. ಒಲೆ ಉರಿಯುವವರೆಗೂ ಅಡುಗೆಮನೆಯ ಕಸ ಹಾಕಬೇಡಿ. ಆಮೇಲೆ ದಿನಕ್ಕೆ ಅರ್ಧ ಕಿಲೋದಿಂದ ಶುರು ಮಾಡಿ, ಒಂದೂವರೆ ತಿಂಗಳಿಗೆ ಮೂರು ಕಿಲೋಗೆ ಬನ್ನಿ. ಪೈಪಿನ ತಗ್ಗು ಜಾಗದಲ್ಲಿ ನೀರು ಬಿಡಲು ಒಂದು ನಲ್ಲಿ ಇರಲಿ, ಇಲ್ಲದಿದ್ದರೆ ಬೆಂಕಿ ಬುಡುಬುಡು ಅಂತ ಕುಣಿಯುತ್ತದೆ. ಸಿಲಿಂಡರಿನ ಒಲೆಯನ್ನೇ ಜೋಡಿಸಿದರೆ ಸರಿಯಾಗಿ ಉರಿಯುವುದಿಲ್ಲ, ಬಯೋಗ್ಯಾಸ್ ಒಲೆಯೇ ಬೇಕು, ಅದರ ಜೆಟ್ಟಿನ ತೂತು ದೊಡ್ಡದು.

ಡ್ರಮ್ಮು ಮೊದಲ ಸಲ ಎದ್ದಾಗ ಖುಷಿಯಲ್ಲಿ ಬೆಂಕಿಕಡ್ಡಿ ಗೀರಬೇಡಿ. ಅದರಲ್ಲಿ ಗಾಳಿ ಸೇರಿರುತ್ತದೆ, ಸಿಡಿಯಬಹುದು. ನಲ್ಲಿ ತೆರೆದು ಪೂರ್ತಿ ಹೊರಗೆ ಬಿಟ್ಟುಬಿಡಿ. ಎರಡನೇ ಸಲ ಎದ್ದದ್ದನ್ನೂ ಬಿಟ್ಟರೆ ಒಳ್ಳೆಯದು. ಪೈಪಿನ ಜೋಡಣೆಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಬರುವುದಿಲ್ಲ ಅಂತಾದ ಮೇಲೆ ಒಲೆಯ ಹತ್ತಿರ ಹೋಗಿ ಹೊತ್ತಿಸಿ, ಡ್ರಮ್ಮಿನ ಹತ್ತಿರ ಅಲ್ಲ.